ಕೊಟ್ಟವರ ಮುದ್ರೆ, ಪಡೆದವರ ಗುರುತು: ದತ್ತಿ ಶಾಸನಗಳಲ್ಲಿ ಲಾಂಛನದ ಲೆಕ್ಕಾಚಾರ

ಶಾಸನ ಓದುವಾಗ ನಮ್ಮ ಕಣ್ಣು ಮೊದಲು ಹೋಗೋದು ಅರಸನ ಹೆಸರಿಗೆ, ಆಮೇಲೆ ತೇದಿಗೆ, ಆಮೇಲೆ ದತ್ತಿಯ ವಿವರಕ್ಕೆ. ಮೇಲಿನ ಚಿತ್ರಪಟ್ಟಿಕೆ, ಬಳೆಯ ಮುದ್ರೆ, ಕೊನೆಯ ಒಪ್ಪ, ಬರೆದವನ ಮತ್ತು ಕಂಡರಿಸಿದವನ ಹೆಸರು ಇವೆಲ್ಲ ‘ಇತ್ಯಾದಿ’ ಆಗಿಬಿಡುತ್ತವೆ. ಈ ಬರಹ ಆ ಇತ್ಯಾದಿಯ ಬಗ್ಗೆ. ಬರೆಯೋಕೆ ಕಾರಣ ಮಾತ್ರ ತೀರಾ ಇತ್ತೀಚಿನದು.

ಕಂಪ್ಲಿ ಸುತ್ತಿನ ಹಳ್ಳಿಗಳ ಶಾಸನಗಳು ಈಗ ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಅಂತ ದಾಖಲಿಸುವ ಸಣ್ಣ ಕೆಲಸವೊಂದನ್ನು ನಾವು ನಾಲ್ಕೈದು ಮಂದಿ ರಜಾ ದಿನಗಳಲ್ಲಿ ಮಾಡುತ್ತಿದ್ದೇವೆ. ಅದರ ಪುಸ್ತಿಕೆಯ ಮುದ್ರಣದ ಖರ್ಚಿನಲ್ಲಿ ಒಂದು ಪಾಲಿಗೆ ಸರ್ಕಾರದ ಸಹಾಯಧನ ಮಂಜೂರಾಯಿತು. ಡಿ.ಟಿ.ಪಿ. ಮಾಡುವ ಹುಡುಗ ಕವರ್ ಪೇಜ್ ತಂದು ತೋರಿಸಿದ. ನಡುವೆ ಸಾರನಾಥದ ಸಿಂಹ, ಎಡಕ್ಕೆ ಗಂಡಭೇರುಂಡ, ಬಲಕ್ಕೆ ವಿಶ್ವ ಪರಂಪರೆಯ ಲಾಂಛನ. “ಹಾಕಿದ್ರೆ ಒಂದು ವೇಯ್ಟ್ ಬರುತ್ತೆ ಸಾರ್” ಅಂದ. ಗುಂಪಿನ ಹಿರಿಯರಾದ ಮೇಷ್ಟ್ರು ಇನ್ನೊಂದು ತುದಿಗೆ ಹೋದರು: “ಕೊಟ್ಟಿದ್ದು ನಮ್ಮದೇ ತೆರಿಗೆ ದುಡ್ಡು. ಹೆಸರೂ ಬೇಡ, ಲೋಗೋನೂ ಬೇಡ.”

ಎರಡೂ ಸರಿಯಲ್ಲ ಅಂತ ನನ್ನ ವಾದ. ಅದಕ್ಕೆ ಆಧಾರ ನಾವು ದಾಖಲಿಸುತ್ತಿರುವಂಥ ಶಾಸನಗಳಲ್ಲೇ ಇದೆ.

ತಾಮ್ರಪಟದ ಟೈಟಲ್ ಬ್ಲಾಕ್

ನಾನು ವೃತ್ತಿಯಿಂದ ಇಂಜಿನಿಯರ್. ನಮ್ಮಲ್ಲಿ ಪ್ರತಿ ಡ್ರಾಯಿಂಗ್‌ನ ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಅಂತ ಒಂದು ಚೌಕ ಇರುತ್ತೆ. ಕೆಲಸ ಮಾಡಿಸುತ್ತಿರುವವರು ಯಾರು, ಬಿಡಿಸಿದವರು ಯಾರು, ಪರಿಶೀಲಿಸಿದವರು ಯಾರು, ತಾರೀಖು ಏನು ಅನ್ನೋದೆಲ್ಲ ಅಲ್ಲಿ. ಯಾರನ್ನೂ ಹೊಗಳೋಕೆ ಇರುವ ಜಾಗ ಅಲ್ಲ ಅದು. ನಾಳೆ ತೊಲೆ ಬಿರುಕು ಬಿಟ್ಟರೆ ಯಾರನ್ನು ಕೇಳಬೇಕು ಅನ್ನೋದಕ್ಕೆ ಇರುವ ಜಾಗ.

ವಿಜಯನಗರದ ತಾಮ್ರಪಟಗಳನ್ನು ಇದೇ ಕಣ್ಣಿನಿಂದ ನೋಡಿ. ಪಠ್ಯ ಸಾಮಾನ್ಯವಾಗಿ ಸಂಸ್ಕೃತ, ಲಿಪಿ ನಂದಿನಾಗರಿ. ವಂಶಾವಳಿ, ತೇದಿ, ಪಡೆದವರ ಹೆಸರು, ಊರಿನ ಎಲ್ಲೆ ಎಲ್ಲ ಕ್ರಮವಾಗಿ ಬರುತ್ತವೆ. ಕೃಷ್ಣದೇವರಾಯ, ಅಚ್ಯುತರಾಯರ ಪಟಗಳಲ್ಲಿ ರಚಿಸಿದವನು ಸಭಾಪತಿ, ಕಂಡರಿಸಿದವನು ವೀರಣಾಚಾರ್ಯ ಅಂತ ಹೆಸರು ಹಾಕಿರುತ್ತಾರೆ. ಆಮೇಲೆ ಶಾಪಾಶಯದ ಶ್ಲೋಕಗಳು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಕನ್ನಡ ಲಿಪಿಯಲ್ಲಿ ಅರಸನ ಒಪ್ಪ: ಶ್ರೀ ವಿರೂಪಾಕ್ಷ.

ಈ ಒಪ್ಪದ ಜಾಗ ಗಮನಿಸಿ. ಅದರ ನಂತರ ಏನೂ ಇಲ್ಲ. ಒಪ್ಪ ಬಿದ್ದ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸಿದರೆ ಅದು ಎದ್ದು ಕಾಣುತ್ತೆ. ಅಚ್ಯುತರಾಯನ ಊನಮಾಂಜೇರಿ ತಾಮ್ರಪಟ ಸಿಕ್ಕಿದ್ದು ತಮಿಳು ನಾಡಿನಲ್ಲಿ. ಅಲ್ಲೂ ಒಪ್ಪ ಕನ್ನಡದಲ್ಲೇ. ಮುಂದೆ ಅರವೀಡು ಮನೆತನದ ವೆಂಕಟಪತಿರಾಯನ ಕಾಲಕ್ಕೆ ಅದು ‘ಶ್ರೀ ವೇಂಕಟೇಶ’ ಆಯಿತು, ಆದರೆ ಲಿಪಿ ಕನ್ನಡವಾಗಿಯೇ ಉಳಿಯಿತು. ಒಂದು ಆಡಳಿತ ತನ್ನ ಗುರುತನ್ನು ಎಲ್ಲಿ, ಹೇಗೆ, ಯಾವ ಅಕ್ಷರದಲ್ಲಿ ಹಾಕಬೇಕು ಅಂತ ನಿಯಮ ಮಾಡಿಕೊಂಡು ತಲೆಮಾರುಗಳ ಕಾಲ ಪಾಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಬರೆದವನ ಹೆಸರು ಹಾಕುವ ಪದ್ಧತಿ ಇನ್ನೂ ಹಳೆಯದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಅನ್ನೋದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಕೆಳಗೂ ಕೆಲಸಗಾರನ ಸಹಿಗೆ ಜಾಗ ಇತ್ತು.

ಮುದ್ರೆ ಯಾಕೆ ಬೇಕು? ಕಲ್ಯಾಣದಿಂದ ಬಂದ ಉತ್ತರ

ಕಂಪ್ಲಿ ಅಂದರೆ ನಮಗೆ ತಕ್ಷಣ ನೆನಪಾಗೋದು ಕಂಪಿಲರಾಯ, ಕುಮಾರರಾಮ, 1327ರಲ್ಲಿ ತುಘಲಕ್ ಸೈನ್ಯದ ಎದುರು ಬಿದ್ದ ರಾಜ್ಯ. ಆದರೆ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಇದು ಕಲ್ಯಾಣದ ಚಾಲುಕ್ಯರ ಮುಖ್ಯ ನೆಲೆಗಳಲ್ಲೊಂದು. ಚೋಳ ರಾಜಾಧಿರಾಜನ ತಮಿಳು ಶಾಸನಗಳು ಕಂಪಿಲಿ ನಗರದಲ್ಲಿದ್ದ ಚಾಲುಕ್ಯರ ಅರಮನೆಯನ್ನು ನಾಶ ಮಾಡಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ.

ಅದೇ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಅರಸ ದತ್ತಿ ಕೊಡುವಾಗ ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಸಿ ಕೊಡಬೇಕು. ತನ್ನ ಹಿರಿಯರ ಹೆಸರು, ತನ್ನ ಹೆಸರು, ಕೊಟ್ಟಿದ್ದರ ಪ್ರಮಾಣ, ಎಲ್ಲೆ, ಕಾಲ, ಸ್ವಹಸ್ತದ ಗುರುತು ಇರಬೇಕು. ಮೇಲೆ ತನ್ನ ಮುದ್ರೆ ಇರಬೇಕು ಅಂತ ಸ್ಮೃತಿ ಹೇಳುತ್ತೆ. ಆ ಮುದ್ರೆ ಎಂಥದ್ದು ಅನ್ನೋದಕ್ಕೆ ವಿಜ್ಞಾನೇಶ್ವರ ಕೊಡುವ ಉದಾಹರಣೆ ಗರುಡ, ವರಾಹ ಇತ್ಯಾದಿ ರೂಪ. ಗರುಡ ರಾಷ್ಟ್ರಕೂಟರದ್ದು, ವರಾಹ ತನ್ನನ್ನು ಆಳುತ್ತಿದ್ದ ಚಾಲುಕ್ಯರದ್ದು. ಇದು ಬರೀ ಶಾಸ್ತ್ರದ ಮಾತಲ್ಲ, ಅವನ ಕಣ್ಣೆದುರಿನ ಕಛೇರಿಯ ಪದ್ಧತಿ.

ಇಷ್ಟೆಲ್ಲ ಯಾಕೆ ಬರೆಸಬೇಕು ಅನ್ನೋದಕ್ಕೂ ಸ್ಮೃತಿಯಲ್ಲೇ ಕಾರಣ ಇದೆ. ಮುಂದೆ ಬರುವ ಒಳ್ಳೆಯ ಅರಸರಿಗೆ ಗೊತ್ತಾಗಲಿ ಅಂತ. ನನ್ನ ಇಡೀ ವಾದದ ಬೇರು ಇದು. ಕೊಟ್ಟವನ ಹೆಸರು ಹಾಕೋದು ಕೊಟ್ಟವನ ಸಂತೋಷಕ್ಕಲ್ಲ. ಇವತ್ತು ಕೊಟ್ಟವನಿಗೆ ತಾನು ಕೊಟ್ಟಿದ್ದು ಗೊತ್ತೇ ಇರುತ್ತೆ. ನೂರು ವರ್ಷ ಆದಮೇಲೆ ಬಂದವನಿಗೆ, ಈ ಜಮೀನು ಯಾಕೆ ಈ ಗುಡಿಯದ್ದು ಅಂತ ಕೇಳುವ ಹೊಸ ಅಧಿಕಾರಿಗೆ, ಉತ್ತರ ಬೇಕು. ದಾನ ಮತ್ತು ಪಾಲನೆ ಎರಡರಲ್ಲಿ ಪಾಲನೆಯೇ ಮೇಲು ಎನ್ನುವ ಶ್ಲೋಕ ನೂರಾರು ಶಾಸನಗಳ ಕೊನೆಯಲ್ಲಿ ಬರೋದು ಇದೇ ಕಾರಣಕ್ಕೆ.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ: “ತೆರಿಗೆ ದುಡ್ಡು ಅಂತಲೇ ಹೆಸರು ಬೇಕು ಸಾರ್. ಜನರ ದುಡ್ಡು ಎಲ್ಲಿ ಹೋಯ್ತು ಅಂತ ನಾಳೆ ಓದೋನಿಗೆ ತಿಳಿಯೋದು ಬೇಡ್ವಾ?”

ಮೂರು ಬಗೆಯ ಕಲ್ಲು, ಮೂರು ಬಗೆಯ ಗುರುತು

ಹೆಸರು ಸರಿ, ಲೋಗೋ ಹಾಕಿದರೆ ಏನಾಯ್ತು? ಇಲ್ಲಿ ಶಾಸನಗಳ ವಿವೇಕ ಇನ್ನೂ ಸೂಕ್ಷ್ಮ.

ಮೊದಲನೆಯದು ಆಜ್ಞೆ. ತಾಮ್ರಪಟ ಅರಸನ ಕಛೇರಿಯಿಂದ ಹೊರಟ ದಾಖಲೆ. ಅದರ ಮೇಲೆ ಅರಸನ ಮುದ್ರೆ. ವಿಜಯನಗರದ ಪಟಗಳಲ್ಲಿ ವರಾಹ, ಮೇಲೆ ಸೂರ್ಯ ಚಂದ್ರ. ಪಶ್ಚಿಮ ಗಂಗರಲ್ಲಿ ಆನೆ.

ಎರಡನೆಯದು ಅರಸರೇ ಕಟ್ಟಿಸಿದ್ದು, ಅಥವಾ ಅವರ ನೇರ ಆಶ್ರಯದಲ್ಲಿ ಎದ್ದದ್ದು. ಅಲ್ಲಿ ಲಾಂಛನ ಗೋಡೆಗೇ ಬರುತ್ತೆ. ಹಂಪಿಯಲ್ಲಿ ಅಚ್ಯುತಪೇಟೆಯ ಬೀದಿ ನದಿಯ ಕಡೆಗೆ ಮುಗಿಯುವಲ್ಲಿ ಒಂದು ಗುಡಿ ಇದೆ. ಬಾಗಿಲ ಗೋಡೆಯ ಮೇಲೆ ವರಾಹ, ಕಠಾರಿ, ಸೂರ್ಯ, ಚಂದ್ರರ ಲಾಂಛನ ಇರೋದರಿಂದಲೇ ಅದಕ್ಕೆ ವರಾಹ ದೇವಾಲಯ ಅಂತ ಹೆಸರು ಬಿದ್ದಿದೆ.

ಮೂರನೆಯದು ಕೊಟ್ಟ ಜಮೀನು. ಎಲ್ಲೆಕಲ್ಲಿನ ಮೇಲೆ ಏನಿರುತ್ತೆ? ಶಿವಾಲಯಕ್ಕೆ ಬಿಟ್ಟಿದ್ದಾದರೆ ಲಿಂಗಮುದ್ರೆ. ಬಸದಿಗೆ ಬಿಟ್ಟಿದ್ದಾದರೆ ಮುಕ್ಕೊಡೆ. ಬ್ರಾಹ್ಮಣರಿಗೆ ಬಿಟ್ಟಿದ್ದಾದರೆ ಕೊಡೆ ಹಿಡಿದ ವಾಮನ. ಕರ್ನಾಟಕದ ಉದ್ದಗಲಕ್ಕೂ ಹೊಲದ ಬದುಗಳಲ್ಲಿ ಇಂಥ ಕಲ್ಲುಗಳು ಸಿಗುತ್ತವೆ. ಇವು ಕೊಟ್ಟವರ ಗುರುತುಗಳಲ್ಲ, ಪಡೆದವರ ಗುರುತುಗಳು. ನಿತ್ಯ ಉಳುಮೆ ನಡೆಯುವ ಜಾಗದಲ್ಲಿ ಈ ನೆಲದ ಹೊಣೆ ಯಾರದು ಅನ್ನೋದು ಮುಖ್ಯ. ಕೊಟ್ಟವರು ಯಾರು ಅನ್ನೋದಕ್ಕೆ ಶಾಸನ ಇದ್ದೇ ಇದೆ.

ಇದನ್ನು ಇವತ್ತಿಗೆ ತಂದುಕೊಳ್ಳಿ. ಸರ್ಕಾರದ ಮಂಜೂರಾತಿ ಆದೇಶದ ಮೇಲೆ ಸರ್ಕಾರದ ಲಾಂಛನ ಇರಬೇಕು, ಅದು ತಾಮ್ರಪಟ. ಸರ್ಕಾರವೇ ಪ್ರಕಟಿಸಿದ ಪುಸ್ತಕದ ಮೇಲೆ ಇರಬಹುದು, ಅದು ಅರಸ ಕಟ್ಟಿಸಿದ ಗೋಪುರ. ನಮ್ಮ ಪುಸ್ತಿಕೆ ಇವೆರಡೂ ಅಲ್ಲ. ಅದು ಎಲ್ಲೆಕಲ್ಲು ನೆಟ್ಟ ಹೊಲ. ಉತ್ತವರು ನಾವು, ಬೆಳೆ ಕೆಟ್ಟರೆ ಹೊಣೆಯೂ ನಮ್ಮದು. ಕವರ್ ಮೇಲೆ ನಮ್ಮ ಹೆಸರಿರಬೇಕು. ಕೊಟ್ಟವರ ಹೆಸರು ಒಳಗೆ, ಏನು ಕೊಟ್ಟರು ಅನ್ನುವ ಸಾಲಿನ ಜೊತೆ ಇರಬೇಕು.

ಏನು ಕೊಟ್ಟರು ಅನ್ನೋದು ಅಳತೆಯ ಮಾತು

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಂದೆ ನಿಂತಿರುವ ಕೃಷ್ಣದೇವರಾಯನ 1510ರ ಶಾಸನವನ್ನು ಎಷ್ಟೋ ಜನ ಫೋಟೋ ತೆಗೆದುಕೊಂಡಿದ್ದೀರಿ. ಪಟ್ಟಾಭಿಷೇಕದ ಸಂದರ್ಭದ ಶಾಸನ ಅಂತ ಅದು ಪ್ರಸಿದ್ಧ. ದತ್ತಿಯ ಭಾಗ ಓದಿ ನೋಡಿ. ಸಿಂಗನಾಯಕನಹಳ್ಳಿ ಎಂಬ ಊರನ್ನು ಕೊಟ್ಟದ್ದು, ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿದ್ದು ಅಲ್ಲಿದೆ. ದೊಡ್ಡ ಗೋಪುರದ ವಿಷಯಕ್ಕೆ ಬಂದಾಗ ಮಾತು ಬದಲಾಗುತ್ತೆ. ಅದನ್ನು ಕಟ್ಟಿಸಿದೆ ಅಂತ ಇಲ್ಲ, ಜೀರ್ಣೋದ್ಧಾರ ಮಾಡಿಸಿದೆ ಅಂತ ಇದೆ.

ದಕ್ಷಿಣ ಭಾರತದ ಬಹುಭಾಗ ಆಳಿದವನು. ಒಂದು ಕ್ರಿಯಾಪದ ಬದಲಿಸಿ ಎಲ್ಲವನ್ನೂ ತಾನೇ ಕಟ್ಟಿಸಿದೆ ಅಂತ ಬರೆಸಬಹುದಿತ್ತು, ತಡೆಯೋರು ಯಾರು? ಬರೆಸಲಿಲ್ಲ. ಹಾಗಾಗಿ ಈ ದೇವಾಲಯ ಹಂತಹಂತವಾಗಿ ಹೇಗೆ ಬೆಳೀತು ಅಂತ ಇವತ್ತು ನಾವು ವಿಂಗಡಿಸಿ ಹೇಳಬಹುದು.

ಈಗಿನ ಫಲಕಗಳನ್ನು ಇದರ ಪಕ್ಕಕ್ಕಿಡಿ. ನಮ್ಮ ಕಡೆಯ ಒಂದು ಹಳ್ಳಿಯಲ್ಲಿ (ಊರಿನ ಹೆಸರು ಬೇಡ) ಗುಡಿಗೆ ಸುಣ್ಣಬಣ್ಣ, ಟೈಲ್ಸ್ ಮಾಡಿಸಿ, ಗ್ರಾನೈಟ್ ಫಲಕ ಹಾಕಿಸಿದ್ದಾರೆ. ಅನುದಾನದ ಹೆಸರಿದೆ, ಹತ್ತಾರು ಮುಖಂಡರ ಹೆಸರಿದೆ, ಲಾಂಛನವೂ ಇದೆ. ಎಷ್ಟು ಹಣ, ಯಾವ ಭಾಗಕ್ಕೆ, ಯಾವ ವರ್ಷ, ಏನು ಹಳೆಯದು, ಏನು ಹೊಸದು ಅನ್ನೋದು ಇಲ್ಲ. ಸಾಲದ್ದಕ್ಕೆ ಫಲಕ ಕೂರಿಸೋಕೆ ಬಳಿದ ಸಿಮೆಂಟ್ ಪಕ್ಕದ ಕಂಬದ ಶಾಸನದ ಕೊನೆಯ ಸಾಲುಗಳನ್ನು ಮುಚ್ಚಿದೆ. ಕೊನೆಯ ಸಾಲುಗಳೆಂದರೆ ಹಿಂದಿನ ದಾನಿ ‘ಇದನ್ನು ಕಾಪಾಡಿ’ ಅಂತ ಕೇಳಿಕೊಳ್ಳುವ ಭಾಗ. ಹೊಸ ದಾನದ ಕೃತಜ್ಞತೆ ಹಳೆಯ ದಾನದ ದಾಖಲೆಯನ್ನು ಅಳಿಸಿದರೆ ಅದು ಪಾಲನೆ ಆಗೋದು ಹೇಗೆ?

ಕೂಟಶಾಸನ

ಲಾಂಛನವನ್ನು ಅಲಂಕಾರ ಅಂದುಕೊಂಡರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ಕ್ಷೇತ್ರದಲ್ಲೇ ಸಾಕ್ಷಿ ಇದೆ. ಖೊಟ್ಟಿ ದಾಖಲೆಗೆ ಹಳಬರು ಇಟ್ಟ ಹೆಸರು ಕೂಟಶಾಸನ. ಹರ್ಷವರ್ಧನನ ಮಧುಬನ ತಾಮ್ರಪಟದ ಕಥೆ ಗೊತ್ತಿರಬಹುದು. ವಾಮರಥ್ಯ ಎಂಬವನು ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಊರನ್ನು ಅನುಭವಿಸುತ್ತಿದ್ದ. ಹರ್ಷ ಆ ಪಟವನ್ನು ಮುರಿಸಿ ಊರನ್ನು ಬೇರೆಯವರಿಗೆ ಕೊಟ್ಟ. ಯಾಜ್ಞವಲ್ಕ್ಯ ಸ್ಮೃತಿ ಖೊಟ್ಟಿ ತಕ್ಕಡಿ, ಖೊಟ್ಟಿ ಅಳತೆ, ಖೊಟ್ಟಿ ನಾಣ್ಯ, ಖೊಟ್ಟಿ ಶಾಸನ ನಾಲ್ಕನ್ನೂ ಒಂದೇ ಸಾಲಿನಲ್ಲಿ ಇಟ್ಟು ಅತಿ ದೊಡ್ಡ ದಂಡ ಹೇಳುತ್ತೆ. ಮನುಸ್ಮೃತಿಯಲ್ಲಂತೂ ಮರಣದಂಡನೆ.

ನಮ್ಮದೇ ನಾಡಿನ ಉದಾಹರಣೆ ಬೇಕಾದರೆ ಗೌಜ, ಕುಪ್ಪಗದ್ದೆ, ಭೀಮನಕಟ್ಟೆಯ ತಾಮ್ರಪಟಗಳಿವೆ. ಸರ್ಪಯಾಗ ಮಾಡಿದ ಜನಮೇಜಯನೇ ತುಂಗಭದ್ರಾ–ಹರಿದ್ರಾ ಸಂಗಮದಲ್ಲಿ, ಹರಿಹರದೇವರ ಸನ್ನಿಧಿಯಲ್ಲಿ ಅಗ್ರಹಾರ ಕೊಟ್ಟ ಅಂತ ಹೇಳಿಕೊಳ್ಳುವ ಪಟಗಳು. ಲಿಪಿ, ಭಾಷೆ ಎಲ್ಲ ಬಹಳ ಈಚಿನದು. ಮಹಾಭಾರತದ ಅರಸನಿಗೆ ಅವರು ಕೊಟ್ಟ ಲಾಂಛನ ಯಾವುದು ಗೊತ್ತೇ? ವರಾಹ. ಖೊಟ್ಟಿ ಮಾಡುವವನಿಗೆ ಜನ ನಂಬುವ ಲೋಗೋ ಬೇಕು, ಈ ಕಡೆ ಜನ ನಂಬುತ್ತಿದ್ದ ಲೋಗೋ ಚಾಲುಕ್ಯರದ್ದು!

ತಾಮ್ರಪಟ ಸಿಕ್ಕಾಗ ಫ್ಲೀಟ್, ಹುಲ್ಷ್ ಅವರಂಥವರು ಬಳೆ ಕತ್ತರಿಸಿತ್ತೋ ಇಲ್ಲವೋ ಅಂತ ಗುರುತು ಹಾಕುತ್ತಿದ್ದರು. ಬಳೆ ಕತ್ತರಿಸಿದ್ದರೆ ಅಸಲಿ ಮುದ್ರೆಯನ್ನು ಖೊಟ್ಟಿ ಪಟಕ್ಕೆ ಪೋಣಿಸಿರಬಹುದು. ಮುದ್ರೆ ಅಸಲಿ, ಅದು ಅಂಟಿಕೊಂಡ ಜಾಗ ಸುಳ್ಳು. ಇಂಟರ್ನೆಟ್‌ನಿಂದ ಲೋಗೋ ಇಳಿಸಿ ಕವರ್ ಮೇಲೆ ಕೂರಿಸೋದು ಇದೇ ಕೆಲಸ.

ಇದರ ನಷ್ಟ ಖೊಟ್ಟಿಯವನಿಗಷ್ಟೇ ಅಲ್ಲ. ಫ್ಲೀಟ್ ಪಶ್ಚಿಮ ಗಂಗರ ಎಷ್ಟೋ ತಾಮ್ರಪಟಗಳನ್ನು ಖೊಟ್ಟಿ ಅಂತ ಬದಿಗಿಟ್ಟ. ಅವುಗಳಲ್ಲಿ ಕೆಲವು ಅಸಲಿ ಅಂತ ಮುಂದಿನ ವಿದ್ವಾಂಸರು ಒಂದೊಂದಾಗಿ ವಾದಿಸಿ ಬಿಡಿಸಿಕೊಳ್ಳಬೇಕಾಯಿತು. ನಾಲ್ಕು ಖೊಟ್ಟಿ ಮುದ್ರೆಗಳಿದ್ದರೆ ಹತ್ತು ಅಸಲಿಗಳ ಮೇಲೂ ಅನುಮಾನ ಬರುತ್ತೆ.

ಇಂದಿನ ನಿಯಮ ಮತ್ತು ಹಳ್ಳಿಯ ಕಟ್ಟೆ

ಸಾರನಾಥದ ಸಿಂಹಶಿಖರ ರಾಷ್ಟ್ರಲಾಂಛನವಾಗಿದ್ದು 1950ರ ಜನವರಿ 26ರಂದು. ಅದರ ದುರ್ಬಳಕೆ ತಡೆಯೋಕೆ 2005ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, 2007ರಲ್ಲಿ ನಿಯಮಗಳು ಬಂದವು. ಸರ್ಕಾರಕ್ಕೆ ಸಂಬಂಧಿಸಿದ್ದು ಅಥವಾ ಸರ್ಕಾರದ ಅಧಿಕೃತ ದಾಖಲೆ ಅನ್ನುವ ಭಾವನೆ ಬರುವ ಹಾಗೆ ಲಾಂಛನವನ್ನಾಗಲಿ ಅದನ್ನು ಹೋಲುವ ಚಿತ್ರವನ್ನಾಗಲಿ ಪೂರ್ವಾನುಮತಿ ಇಲ್ಲದೆ ಬಳಸುವಂತಿಲ್ಲ. ತಪ್ಪಿದರೆ 2 ವರ್ಷದವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಂಡಭೇರುಂಡ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೂ ಇರುವ ಹಕ್ಕಿ, ಹಂಪಿಯವರಿಗೆ ಅದು ನಮ್ಮದು ಅನ್ನಿಸೋದು ಸಹಜ. ಆದರೆ ಇವತ್ತಿನ ರಾಜ್ಯ ಲಾಂಛನದಲ್ಲಿ ಅದರ ತಲೆಯ ಮೇಲೆ ಸಾರನಾಥದ ಸಿಂಹಗಳೇ ಕೂತಿವೆ. ನಾಣ್ಯದ ಚಿತ್ರ ಬೇರೆ, ಸರ್ಕಾರದ ಲಾಂಛನ ಬೇರೆ. ಇನ್ನು ವಿಶ್ವ ಪರಂಪರೆಯ ಲಾಂಛನ. ಹಂಪಿ ಆ ಪಟ್ಟಿಗೆ ಸೇರಿದ್ದು 1986ರಲ್ಲಿ. ಕಂಪ್ಲಿ ಊರಿನ ಕಲ್ಲುಗಳು ಆ ಪಟ್ಟಿಯಲ್ಲಿಲ್ಲ. ಆ ಲಾಂಛನ ಬಳಸೋಕೂ ಅದರದೇ ನಿಯಮ, ಅದರದೇ ಅನುಮತಿ ಇದೆ.

ದಂಡದ ಭಯ ಒಂದು ಕಡೆ ಇರಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಹಳ್ಳಿಯ ಕಟ್ಟೆ. ಕ್ಯಾಮೆರಾ, ಟೇಪು, ಪಡಿಯಚ್ಚಿನ ಕಾಗದ ಹಿಡಿದು ಊರಿಗೆ ಹೋದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ: “ನೀವು ಗೌರ್ಮೆಂಟ್ನೋರೇನ್ರೀ?” ಆ ಪ್ರಶ್ನೆಯಲ್ಲಿ ಎರಡು ಇದೆ. ಹೌದು ಅಂದರೆ ಕೆಲವರು ಬೀಗ ಹಾಕಿದ ಗರ್ಭಗುಡಿ ತೆಗೀತಾರೆ, ಪೆಟ್ಟಿಗೆಯಲ್ಲಿದ್ದ ತಾಮ್ರಪಟ ತಂದು ಕೈಗಿಡ್ತಾರೆ. ಇನ್ನು ಕೆಲವರು ಜಮೀನು ಹೋಗುತ್ತೆ, ಪಟ ಕಿತ್ಕೊಂಡು ಹೋಗ್ತಾರೆ ಅಂತ ಹೆದರಿ, ಇದ್ದ ಕಲ್ಲನ್ನೂ ಇಲ್ಲ ಅಂತಾರೆ. ಸಿಂಹ ಇರುವ ಪುಸ್ತಿಕೆ ನಮ್ಮ ಕೈಯಲ್ಲಿದ್ದರೆ ನಾವು ಬಾಯಿ ಬಿಡದೆಯೇ ಹೌದು ಅಂದ ಹಾಗೆ. ಆ ಬಾಗಿಲು ತೆರೆದರೂ ಸುಳ್ಳಿನಿಂದ, ಮುಚ್ಚಿದರೂ ಸುಳ್ಳಿನಿಂದ. ನಾಳೆ ಇಲಾಖೆಯ ನಿಜವಾದ ಶಾಸನತಜ್ಞರು ಬಂದಾಗ ಅದರ ಫಲ ಉಣ್ಣೋರು ಅವರು.

ಇನ್ನೊಂದು ಸಂಗತಿ. ಅಶೋಕನ ಸಿಂಹ ಇರೋದು ಸಾರನಾಥದಲ್ಲಿ. ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೆಗೊಳಂ ಬಂಡೆಗಳಲ್ಲಿ ಇರೋದು ಅವನ ಹೆಸರು. ದೇವಾನಾಂಪ್ರಿಯ ಅಂದರೆ ಅಶೋಕನೇ ಅನ್ನೋದನ್ನು ಖಚಿತ ಮಾಡಿದ ಕೆಲವೇ ಶಾಸನಗಳಲ್ಲಿ ಇವೂ ಸೇರಿವೆ. ಆ ಕೆಲಸ ಮಾಡಿದ್ದು ಒಂದು ಹೆಸರು, ಚಿತ್ರವಲ್ಲ.

ನಾವು ಹಾಕಿದ್ದು

ಕೊನೆಗೆ ಕವರ್ ಮೇಲೆ ಶೀರ್ಷಿಕೆ, ನಮ್ಮ ಹೆಸರು, ಲಿಂಗಮುದ್ರೆಯ ಎಲ್ಲೆಕಲ್ಲಿನ ಒಂದು ರೇಖಾಚಿತ್ರ, ಇಷ್ಟೇ ಉಳಿದವು. ಒಳಪುಟದಲ್ಲಿ ಯಾವ ಇಲಾಖೆ, ಯಾವ ಯೋಜನೆ, ಯಾವ ವರ್ಷ, ಆದೇಶದ ಸಂಖ್ಯೆ, ಮುದ್ರಣ ವೆಚ್ಚದಲ್ಲಿ ಎಷ್ಟು ಪಾಲು ಅನ್ನೋದೆಲ್ಲ ಬಂತು. ಇಲಾಖೆಯ ಹೆಸರನ್ನು ಮಂಜೂರಾತಿ ಆದೇಶದಲ್ಲಿ ಇದ್ದ ಹಾಗೇ ಬರೆದೆವು, ನಮಗೆ ಅನುಕೂಲವಾದ ಹಾಗೆ ಮೊಟಕು ಮಾಡಲಿಲ್ಲ. ಓದಿನಲ್ಲಿ, ತೇದಿಯ ಲೆಕ್ಕದಲ್ಲಿ, ಅಭಿಪ್ರಾಯದಲ್ಲಿ ಹೊಣೆ ಸಂಪಾದಕರದು, ಸಹಾಯಧನ ಕೊಟ್ಟವರದ್ದಲ್ಲ ಅನ್ನುವ ಸಾಲು ಸೇರಿತು. ಪಾಠ ಬರೆದುಕೊಂಡವರು, ಪಡಿಯಚ್ಚು ತೆಗೆದವರು, ಕವರ್ ಮಾಡಿದ ಹುಡುಗ ಎಲ್ಲರ ಹೆಸರೂ ಅದರ ಕೆಳಗಿದೆ. ಆದೇಶದಲ್ಲಿ ಲಾಂಛನ ಹಾಕಿ ಅಂತ ಸೂಚನೆ ಇದ್ದಿದ್ದರೆ ಅವರು ಕೊಟ್ಟ ಕಡತವನ್ನೇ, ಅವರು ಹೇಳಿದ ಜಾಗದಲ್ಲಿ, ಕೆಳಗಿನ ‘ಸತ್ಯಮೇವ ಜಯತೇ’ ಕತ್ತರಿಸದೆ, ಬಣ್ಣ ಬದಲಿಸದೆ ಹಾಕಬೇಕಿತ್ತು. ನಮ್ಮ ಆದೇಶದಲ್ಲಿ ಹಾಗೆ ಇರಲಿಲ್ಲ.

ಮೇಷ್ಟ್ರು ಕರಡು ಓದಿ, ಒಂದು ತಿದ್ದುಪಡಿ ಸೂಚಿಸಿದರು. “ಹಣ ಬಳಕೆ ಪ್ರಮಾಣಪತ್ರ ಸಲ್ಲಿಸಿದ ತಾರೀಖೂ ಹಾಕ್ರಿ. ಕೊಟ್ಟಿದ್ದನ್ನ ಬರೆದ ಮೇಲೆ ಕಾಪಾಡಿದ್ದನ್ನೂ ಬರೀಬೇಕಲ್ಲ.” ಹಾಕಿದೆವು.

ನೀವು ಓಡಾಡುವ ಕಡೆ ಹೊಸ ಅನುದಾನದ ಫಲಕ ಕಂಡರೆ ಒಂದು ನಿಮಿಷ ನಿಂತು ಎರಡು ವಿಷಯ ನೋಡಿ. ಅದು ಏನನ್ನು ಹೇಳುತ್ತೆ, ಮತ್ತೆ ಅದರ ಸಿಮೆಂಟ್ ಯಾವುದನ್ನು ಮುಚ್ಚಿದೆ. ಎರಡನೆಯದಕ್ಕೆ ಉತ್ತರ ‘ಶಾಸನ’ ಅಂತಾದರೆ, ಉಳಿದ ಸಾಲುಗಳ ಫೋಟೋ ಅವತ್ತೇ ತೆಗೆದು, ಫಲಕವನ್ನು ನಾಲ್ಕು ಅಡಿ ಆಚೆಗೆ ಹಾಕಿಸಿ ಅಂತ ಊರಿನವರಿಗೆ ಸಮಾಧಾನವಾಗಿ ಹೇಳಿ. ಫಲಕಕ್ಕೆ ಬೇರೆ ಗೋಡೆ ಸಿಗುತ್ತೆ, ಆ ಸಾಲುಗಳಿಗೆ ಬೇರೆ ಕಲ್ಲು ಸಿಗಲ್ಲ.